ಮೇಸ್ತ್ರಿ ಗುಳಿ

ತಗಡು ಒತ್ತುವ ಪ್ರೆಸ್ಸಿನ ಸದ್ದು ಎರಡು ಬೀದಿ ಆಚೆಯಿಂದಲೇ ಕೇಳಿಸಿತು. ಧಡ್, ಆಮೇಲೆ ಒಂದು ಉಸಿರಿನಷ್ಟು ಮೌನ, ಮತ್ತೆ ಧಡ್. ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಯಂತ್ರ ನಾಲ್ಕು ತಿಂಗಳಿನಿಂದ ಹೀಗೆ ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಅವಳ ನಡಿಗೆ ತಾನಾಗಿಯೇ ಚುರುಕಾಗುತ್ತಿತ್ತು. ಐವತ್ತೊಂಬತ್ತರ ಹೆಂಗಸು ಬೀದಿಯಲ್ಲಿ ಹೀಗೆ ತಾಳಕ್ಕೆ ಹೆಜ್ಜೆ ಹಾಕುವುದನ್ನು ನೋಡಿದವರು ಏನಂದಾರು ಎಂದು ನಾಚಿಕೆಯೂ ಆಗುತ್ತಿತ್ತು. ಇವತ್ತು ಹೆಜ್ಜೆ ಚುರುಕಾಗಲಿಲ್ಲ. ಒಳಗೆ ನಲವತ್ತೆಂಟು ಉಕ್ಕಿನ ಸ್ಟೂಲುಗಳು ಕಾಯುತ್ತಿದ್ದವು. ಇಷ್ಟು ದಿನ ಅವು ಬಣ್ಣ ಒಣಗಲೆಂದು ಒಂದಕ್ಕೊಂದು ತಾಗದಂತೆ ನೆಲದ ಮೇಲೆ ದೂರ ದೂರ ನಿಂತಿದ್ದವು, ಹಾಗೆ ನಿಂತಷ್ಟು ಕಾಲ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಇವತ್ತು ಗಿರಾಕಿ ಬಂದು ಒಂದರ ಮೇಲೊಂದು ಪೇರಿಸಿ ನೋಡುತ್ತಾನೆ. ಆಗ ಅವು ಕಚ್ಚಿಕೊಳ್ಳುತ್ತವೆ. ಇಬ್ಬರು ಗಂಡಾಳು ಹಿಡಿದು ಎಳೆದರೂ ಬಿಡದ ಹಾಗೆ ಕಚ್ಚಿಕೊಳ್ಳುತ್ತವೆ. ಇದು ಗೊತ್ತಿದ್ದದ್ದು ಇಡೀ ಭೂಮಿಯ ಮೇಲೆ ಇಬ್ಬರಿಗೆ: ಅವಳಿಗೆ, ಮತ್ತು ಎಂಬತ್ತಮೂರು ವರ್ಷದ, ಕಿವಿ ಮಂದವಾದ ಒಬ್ಬ ಮುದುಕನಿಗೆ.

ಬೆಳಿಗ್ಗೆ ಹೊರಡುವಾಗ ಗಂಡ ಪತ್ರಿಕೆಯ ತುಣುಕಿಗೆ ಪ್ಲಾಸ್ಟಿಕ್ ಹಾಳೆ ಹಚ್ಚಿಸಿಕೊಂಡು ಬಂದು ತೋರಿಸಿದ್ದ. 'ಉಕ್ಕಿನ ಸ್ಟೂಲಿನ ತಾಯಿ' ಎಂದು ಮೇಲೆ ದಪ್ಪಕ್ಷರ, ಕೆಳಗೆ ಅವಳ ಫೋಟೋ, ಕೈಯಲ್ಲಿ ಮೂವತ್ತೈದು ವರ್ಷದ ಹಳೆಯ ನಕ್ಷೆ. "ನನ್ನ ತಮ್ಮಂಗೂ ಒಂದು ಕಳಿಸಿದೀನಿ. ಯಾವಾಗ್ಲೂ ಅವನ ಹೆಂಡ್ತಿ ಪಿಎಚ್‌ಡಿ ಅಂತ ಕೊರೀತಿದ್ದ, ಈಗ ಬಾಯಿ ಮುಚ್ಕೊಂಡಿರ್ತಾನೆ," ಎಂದ. ಅವಳು ನಕ್ಕಳು. ನಗದೆ ಏನು ಮಾಡುವುದು? ಎಣ್ಣೆ ಜಿಡ್ಡು ಮೆತ್ತಿಕೊಂಡು ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿರುತ್ತಿದ್ದ ಆ ಸ್ಟೂಲು, ಆ ಡ್ರಾಯರಿನ ಕಬ್ಬಿಣದ ಮೇಜು, ಆ ಸಾಮಾನಿನ ಬೀರು ಈಗ ಶ್ರೀಮಂತರ ಪಡಸಾಲೆಯಲ್ಲಿ ಹೂದಾನಿ ಹೊತ್ತು ನಿಂತಿರುತ್ತವೆ. ಗುಜರಿಯವನು ತೂಕಕ್ಕೆ ಹಾಕಿ ಒಯ್ಯುತ್ತಿದ್ದ ಸ್ಟೂಲನ್ನು ಈಗ ಜನ ಹುಡುಕಿಕೊಂಡು ಬರುತ್ತಾರೆ. ಹಳೆಯವು ಸಿಗದೆ ಹೋದಾಗ ವರ್ಕ್‌ಶಾಪಿನ ಹಳೆಯ ಯಜಮಾನರ ಮೊಮ್ಮಗಳು, ಶೆಡ್ಡನ್ನು ಗೋದಾಮಿಗೆ ಬಾಡಿಗೆಗೆ ಕೊಟ್ಟುಬಿಡೋಣ ಎಂದು ಕೂತಿದ್ದ ಚಿಕ್ಕಪ್ಪನ ಜೊತೆ ಜಗಳ ಮಾಡಿ, ತುಕ್ಕು ಹಿಡಿದ ಬೀಗ ಒಡೆಸಿ, ಪ್ರೆಸ್ಸಿಗೆ ಗ್ರೀಸು ಕುಡಿಸಿ, ಇವಳನ್ನು ಮನೆಗೇ ಬಂದು ಕರೆದಿದ್ದಳು. "ನಕ್ಷೇಲಿ ನಿಮ್ಮ ಸಹಿ ಇದೆ ಮೇಡಂ. ನೀವು ಬರ್ದೆ ಇದ್ರೆ ಹೇಗೆ?" ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಮಕ್ಕಳ ಗೆರೆ ತಿದ್ದಿ ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದವಳಿಗೆ ಆ ಮಾತು ಕೇಳಿ ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು. ಅದೂ ಸುಳ್ಳಲ್ಲ.

ವರ್ಕ್‌ಶಾಪಿನ ಬಾಗಿಲಲ್ಲೇ ಆ ಮುದುಕನ, ಅಂದರೆ ಇಲ್ಲಿನ ಹಳೇ ಮೇಸ್ತ್ರಿಯ ಮಗಳು ಸಿಕ್ಕಳು. ಮೊಣಕೈತನಕ ಗ್ರೀಸು, ಹಣೆಯ ಮೇಲೆ ವೆಲ್ಡಿಂಗಿನ ಕನ್ನಡಕ. ಪ್ರೆಸ್ಸು, ತಗಡಿಗೆ ಆಕಾರ ಕೊಡುವ ಅಚ್ಚಾದ ಡೈ, ಬೆಸುಗೆ ಎಲ್ಲವೂ ಈಗ ಅವಳ ಸುಪರ್ದಿನಲ್ಲಿ. "ಬಂದ್ರಾ ನಕ್ಷೆ ಅಕ್ಕ! ರಾತ್ರಿಯೆಲ್ಲ ನಿದ್ದೇನೇ ಇಲ್ಲ ನಂಗೆ. ಮಗಳ ಹೆರಿಗೆಗೆ ಕಾದ ಹಾಗಿದೆ." ನಕ್ಷೆ ಅಕ್ಕ ಎಂಬುದು ಇವಳಿಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಇಲ್ಲಿ ಅಂಟಿಕೊಂಡ ಹೆಸರು. ಆಗ ಮೇಸ್ತ್ರಿಯ ಈ ಮಗಳು ಎಂಟು ವರ್ಷದ ಹುಡುಗಿ, ಮಧ್ಯಾಹ್ನ ಅಪ್ಪನಿಗೆ ಬುತ್ತಿ ತಂದು, ರದ್ದಿ ನಕ್ಷೆಯ ಹಿಂಬದಿಯಲ್ಲಿ ನಕ್ಷೆ ಅಕ್ಕನ ಪೆನ್ಸಿಲಿನಿಂದ ಕುದುರೆ ಬರೆಯುತ್ತಾ ಕೂರುತ್ತಿದ್ದಳು. "ಹದಿನೈದು ದಿನ ತಗೊಂಡೆ ಅಕ್ಕ ಡೈ ಕೂರ್ಸೋಕೆ," ಎಂದಳು ಈಗ, ದನಿ ತಗ್ಗಿಸಿ. "ಕೂದಲೆಳೆ ವ್ಯತ್ಯಾಸ ಇಲ್ಲ. ಅಪ್ಪನ ಕೈಲಿ ಅವತ್ತು ಏನು ತಪ್ಪಿತ್ತೋ ಅದನ್ನ ಸರಿ ಮಾಡಿದೀನಿ. ಇನ್ಮೇಲೆ ಸ್ಟೂಲಲ್ಲಿ ಆ ಗುಳಿ ಇರಲ್ಲ, ನಮ್ಮ ಮನೆಗೆ ಆ ಹೆಸರೂ ಇರಲ್ಲ." ನಕ್ಷೆ ಅಕ್ಕನಿಗೆ ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. "ಚೆನ್ನಾಗಾಗುತ್ತೆ ಬಿಡು," ಎಂದು ಅವಳ ತೋಳು ತಟ್ಟಿದಳು. ಅಂಗೈಗೆ ಗ್ರೀಸು ಹತ್ತಿತು.

ಆ ಮನೆಯವರ ಕೈ ಎಂದೂ ತಪ್ಪಿರಲಿಲ್ಲ. ತಪ್ಪಿದ್ದು ನಕ್ಷೆ ಅಕ್ಕನ ಪೆನ್ಸಿಲು. ತಗಡಿಗೂ ದಪ್ಪವಿರುತ್ತದೆ ಎಂಬುದನ್ನು ಮರೆತಿದ್ದಳು, ಅಷ್ಟೇ. ಸ್ಟೂಲಿನ ಮೇಲೆ ಸ್ಟೂಲು ಕೂತಾಗ ಮೇಲಿನದರ ಕಾಲು ಕೆಳಗಿನದರ ಕಾಲನ್ನು ಹೊರಗಿನಿಂದ ಅಪ್ಪಿಕೊಂಡು ಇಳಿಯಬೇಕು, ತಗಡಿನ ದಪ್ಪಕ್ಕೂ ಬಣ್ಣದ ದಪ್ಪಕ್ಕೂ ಜಾಗ ಬಿಟ್ಟು ಕಾಲಿನ ಓರೆ ಲೆಕ್ಕ ಹಾಕಬೇಕು. ಕಾಗದದ ಮೇಲೆ ಗೆರೆಗೆ ದಪ್ಪವಿರುವುದಿಲ್ಲ, ಅಲ್ಲಿ ಎಲ್ಲವೂ ಸುಖವಾಗಿ ಕೂತಿತ್ತು. ಮೂರು ತಿಂಗಳು ಉಕ್ಕು ಉಜ್ಜಿಸಿ ಡೈ ಮಾಡಿಸಿ, ಮೊದಲ ಕಂತಿನ ಇನ್ನೂರು ಸ್ಟೂಲು ಹೊರಬಂದ ದಿನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಮೇಸ್ತ್ರಿ ಎರಡನ್ನು ಪೇರಿಸಿ, ಎಳೆದು, ಮತ್ತೆ ಎಳೆದು, ನಕ್ಷೆ ಬಿಡಿಸಿ ನೋಡಿ, ಆಮೇಲೆ ಇವಳ ಮುಖ ನೋಡಿದ್ದರು. ಒಂದು ತಪ್ಪಾದರೂ ಬಾಗಿಲು ಅಲ್ಲೇ ಇದೆ ಎಂದು ಯಜಮಾನರು ಸೇರಿಸಿಕೊಳ್ಳುವಾಗಲೇ ಹೇಳಿದ್ದರು, ಹೆಣ್ಣಿನ ಕೈಗೆ ನಕ್ಷೆ ಕೊಡುತ್ತಿದ್ದದ್ದು ಅದೇ ಮೊದಲು. ಅವಳಿಗೆ ಅಳು ಒತ್ತಿಕೊಂಡು ಬಂತು. "ಅಳ್ಬೇಡ ಮಗಾ. ಅತ್ರೆ ತಗಡು ಬಗ್ಗಲ್ಲ," ಎಂದರು ಮೇಸ್ತ್ರಿ. ಗುಂಡುತಲೆಯ ಸುತ್ತಿಗೆ ತಗೊಂಡರು, ಕಾಲಿನ ಒಳಗಡೆ ಸೀಸದ ದಿಮ್ಮಿ ಒತ್ತಿ ಹಿಡಿದರು, ಸೀಟಿನಿಂದ ನಾಲ್ಕು ಬೆರಳು ಕೆಳಗೆ ಒಂದೇ ಏಟು. ಬೆರಳ ತುದಿಯಷ್ಟು ಗುಳಿ ಒಳಮುಖವಾಗಿ ಬಿತ್ತು. ನಾಲ್ಕು ಕಾಲಿಗೆ ನಾಲ್ಕು. ಈಗ ಮೇಲಿನ ಸ್ಟೂಲು ಇಳಿದು ಬಂದು, ಆ ಗುಳಿಗಳು ಕೆಳಗಿನದರ ಭುಜಕ್ಕೆ ತಾಗಿ ಅಲ್ಲೇ ನಿಂತವು. ಎತ್ತಿದರೆ ಹೂವಿನ ಹಾಗೆ ಬಂತು.

ಎರಡು ದಿನದ ನಂತರ ಯಜಮಾನರು ಎಲ್ಲರನ್ನೂ ಪ್ರೆಸ್ಸಿನ ಮುಂದೆ ನಿಲ್ಲಿಸಿ, ಸ್ಟೂಲೊಂದನ್ನು ಮೇಲೆತ್ತಿ ಹಿಡಿದು, "ಹೊಸ ಮಾಲಿಗೆ ಸುತ್ತಿಗೆ ಏಟು ಹಾಕಿದ ಪುಣ್ಯಾತ್ಮ ಯಾರು?" ಎಂದು ಕೇಳಿದರು. "ನಾನೇ ಸ್ವಾಮಿ. ಡೈ ಕೂರ್ಸುವಾಗ ನನ್ನ ಕೈ ತಪ್ತು, ಕಾಲು ಬಿಗಿ ಬಂತು," ಎಂದರು ಮೇಸ್ತ್ರಿ. ಅವಳು ಮೂರು ಹೆಜ್ಜೆ ಆಚೆಗೆ ನಿಂತಿದ್ದಳು. ಬಾಯಿ ತೆರೆಯಬೇಕೆಂದುಕೊಂಡಳು. ತೆರೆಯಲಿಲ್ಲ, ಬಗ್ಗಿ ಪೆನ್ಸಿಲು ಜೀವಿದಳು. ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಮತ್ತೆ ಜೀವಿದಳು. ಮೇಸ್ತ್ರಿಯನ್ನು ಡೈಯಿಂದ ತೆಗೆದು ಬಣ್ಣ ಹೊಡೆಯುವ ಕೋಣೆಗೆ ಹಾಕಿದರು, ನಿವೃತ್ತಿಯಾಗುವವರೆಗೂ ಅಲ್ಲೇ ಕೆಮ್ಮಿದರು. ಡೈ ಬಿಚ್ಚಿ ಮತ್ತೆ ಕೂರಿಸಲು ಕೆಲಸ ನಿಲ್ಲಿಸುವುದಕ್ಕೆ ಯಜಮಾನರು ಒಪ್ಪಲಿಲ್ಲ. ಗುಳಿ ಪ್ರತಿ ಸ್ಟೂಲಿಗೂ ಬೀಳುತ್ತಲೇ ಹೋಯಿತು, ಅದಿಲ್ಲದೆ ಗತಿಯಿರಲಿಲ್ಲ. ಅದಕ್ಕೆ 'ಮೇಸ್ತ್ರಿ ಗುಳಿ' ಎಂದು ಹೆಸರಾಯಿತು. ಯಾರಾದರೂ ಅಳತೆ ತಪ್ಪಿದರೆ, ಚಹಾದ ಲೋಟ ಬೀಳಿಸಿದರೂ ಕೂಡ, "ನೋಡ್ರೋ, ಇನ್ನೊಂದು ಮೇಸ್ತ್ರಿ ಗುಳಿ!" ಎಂದು ನಗುತ್ತಿದ್ದರು. ಅವಳೂ ಒಂದೆರಡು ಸಲ ಆ ನಗೆಯಲ್ಲಿ ಸೇರಿಕೊಂಡಿದ್ದಳು. ಮೂವತ್ತೈದು ವರ್ಷದಲ್ಲಿ ತೀರಾ ಚುಚ್ಚುತ್ತಿದ್ದದ್ದು ಅದೇ. ಮೌನಕ್ಕೆ ಭಯದ ನೆಪ ಕೊಡಬಹುದು, ಆ ನಗೆಗೆ ಯಾವ ನೆಪ ಕೊಡುವುದು? ನಾಲ್ಕು ತಿಂಗಳ ಹಿಂದೆ ಯಜಮಾನರ ಮೊಮ್ಮಗಳು ಹಳೆಯ ಸ್ಟೂಲನ್ನು ತಿರುಗಿಸಿ, "ಈ ಗುಳಿ ಬೇಡ ಅಲ್ವಾ ಮೇಡಂ? ಯಾರೋ ಮೇಸ್ತ್ರಿ ಡೈ ತಪ್ಪು ಕೂರ್ಸಿದ್ರಂತೆ. ನಾವು ನಿಮ್ಮ ಮೂಲ ನಕ್ಷೆಗೇ ನಿಯತ್ತಾಗಿರೋಣ," ಎಂದಾಗ ಇವಳು ಏನಂದಳು? "ಹಾಗೇ ಮಾಡಿ," ಎಂದಳು. ಅವತ್ತಾದರೆ ಇಪ್ಪತ್ತನಾಲ್ಕರ ಹುಡುಗಿ. ಈಗ ಬಾಯಿ ತೆರೆಯಲು ಏನು ಕಮ್ಮಿಯಾಗಿತ್ತು?

ಗಿರಾಕಿ ಒಬ್ಬ ಗ್ರಂಥಪಾಲಕ, ಹತ್ತೂವರೆಗೆ ಸರಿಯಾಗಿ ಬಂದ. ಸಣಕಲು ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು, ಹಿಂದೆ ಗೇಟಿನ ಹತ್ತಿರ ಟೆಂಪೋ. ಓದುವ ಸಭಾಂಗಣಕ್ಕೆ ನಲವತ್ತೆಂಟು ಸ್ಟೂಲು ಬೇಕಿತ್ತು, ಇದು ಚೆನ್ನಾಗಾದರೆ ಅವನ ಕೈಕೆಳಗಿನ ಉಳಿದ ಹನ್ನೊಂದು ಗ್ರಂಥಾಲಯಗಳಿಗೂ ಬೇಕಿತ್ತು. ಆಗದಿದ್ದರೆ ಶೆಡ್ಡು ಚಿಕ್ಕಪ್ಪನ ಗೋದಾಮು, ಅದು ಎಲ್ಲರಿಗೂ ಗೊತ್ತಿತ್ತು. ಅವನು ಸಾಲಾಗಿ ನಿಂತ ಸ್ಟೂಲುಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡ. ನಿಜಕ್ಕೂ ನೋಡುವಂತಿದ್ದವು: ಕಡು ಹಸಿರು, ಎಲ್ಲಿಯೂ ಒಂದು ಚೂಪಿಲ್ಲ, ಮಡಿಸಿದ ಅಂಚು ಸೀರೆಯ ನಿರಿಗೆಯಷ್ಟು ನಯ, ಸೀಟಿನ ನಡುವೆ ಕೈ ತೂರಿಸಿ ಎತ್ತಲು ತೂತು. ಅಂಥ ಹೊತ್ತಿನಲ್ಲೂ ಅವಳಿಗೆ ಹೆಮ್ಮೆಯಾಯಿತು. ಗ್ರಂಥಪಾಲಕ ಒಂದರ ಮೇಲೆ ಹತ್ತಿ ನಿಂತ, ಕುಣಿದ. "ಅಲುಗಾಡಲ್ವಲ್ರೀ! ಸರಿ, ಈಗ ಪೇರಿಸಿ ತೋರ್ಸಿ. ಸಂಜೆ ಆರಕ್ಕೆ ಹಾಲ್ ಖಾಲಿಯಾಗ್ಬೇಕು, ನನ್ನ ಹತ್ರ ಇರೋದು ಒಬ್ಬಳೇ ಆಯಮ್ಮ." ಮೇಸ್ತ್ರಿಯ ಮಗಳು ನಗುನಗುತ್ತಾ ಒಂದರ ಮೇಲೆ ಒಂದರಂತೆ ಆರು ಪೇರಿಸಿದಳು. ಪ್ರತಿ ಸಲವೂ ಹಿತವಾದ ಸದ್ದು ಬಂತು. ನಕ್ಷೆ ಅಕ್ಕ ಕಣ್ಣು ಮುಚ್ಚಿದಳು. ತೆಗೆದಾಗ ಮೇಸ್ತ್ರಿಯ ಮಗಳ ಕೈ ಮೇಲಿನ ಸ್ಟೂಲಿನ ತೂತಿನಲ್ಲಿತ್ತು, ಮತ್ತು ಆರೂ ಸ್ಟೂಲುಗಳು ಒಟ್ಟಿಗೆ ನೆಲದಿಂದ ಮೇಲೆದ್ದಿದ್ದವು.

ಮೊದಲು ಯಾರೋ ನಕ್ಕರು. ಆಮೇಲೆ ಇಬ್ಬರು ಕೆಳಗಿನದನ್ನು ಕಾಲಲ್ಲಿ ಮೆಟ್ಟಿ ಹಿಡಿದರು, ಇಬ್ಬರು ಮೇಲಿನದನ್ನು ಎಳೆದರು. ಗ್ರಂಥಪಾಲಕ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ. "ಇದಾಗಲ್ಲ ಬಿಡಿ," ಎಂದ, ಬೇಸರದಿಂದಲೇ. ಮೊಮ್ಮಗಳ ಮುಖ ಸುಣ್ಣವಾಗಿತ್ತು. ಅವಳು ಮೇಸ್ತ್ರಿಯ ಮಗಳ ಕಡೆ ತಿರುಗಿ, "ಡೈ ಸರಿಯಾಗಿ ಕೂರ್ಸಿದೀನಿ ಅಂದ್ರಲ್ಲ?" ಎಂದಳು. ಹಿಂದಿನಿಂದ, ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಹಳೇ ಫಿಟ್ಟರು, ಯಾರಿಗೂ ಹೇಳದವನ ಹಾಗೆ, "ನೂಲಿನಂತೆ ಸೀರೆ," ಎಂದ. ಅದು ಎಲ್ಲರಿಗೂ ಕೇಳಿಸಿತು. ಮೇಸ್ತ್ರಿಯ ಮಗಳು ಕನ್ನಡಕವನ್ನು ಹಣೆಯಿಂದ ತೆಗೆದಳು. ಹದಿನೈದು ದಿನದ ಲೆಕ್ಕವನ್ನೆಲ್ಲ ತಲೆಯಲ್ಲಿ ತಿರುವಿ ಹಾಕುತ್ತಿದ್ದಳು, ಎಲ್ಲಿ, ಎಲ್ಲಿ ಎಂದು ಹುಡುಕುತ್ತಿದ್ದಳು, ಇಲ್ಲದ ತಪ್ಪನ್ನು. "ಇರ್ಬೋದು," ಎಂದಳು ಕೊನೆಗೆ, ಅಪ್ಪನದೇ ದನಿಯಲ್ಲಿ. "ನನ್ನ ಕೈಲೇ ಏನೋ—"

"ಇಲ್ಲ!"

ಇಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಪ್ರೆಸ್ಸಿನವನು ಯಂತ್ರ ನಿಲ್ಲಿಸಿದ. "ಇವಳ ಕೈ ತಪ್ಪಿಲ್ಲ. ಇವರಪ್ಪನ ಕೈಯೂ ತಪ್ಪಿರಲಿಲ್ಲ. ನಕ್ಷೆ ತಪ್ಪು. ನಾನು ಬರೆದ ನಕ್ಷೆ. ತಗಡಿನ ದಪ್ಪ ಬಿಟ್ಟೆ ನಾನು. ಡೈ ಆಗಿಹೋಗಿತ್ತು, ಮೇಸ್ತ್ರಿ ನನ್ನ ಕೆಲಸ ಉಳಿಸೋಕೆ ಗುಳಿ ಹೊಡೆದ್ರು, ನನ್ನ ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಇಲ್ಲೇ, ಇದೇ ಜಾಗದಲ್ಲಿ, ಸುಮ್ನೆ ನಿಂತಿದ್ದೆ." ಅವಳು ನೇರ ಸಾಮಾನಿನ ಹಲಗೆಗೆ ಹೋಗಿ ಗುಂಡುತಲೆ ಸುತ್ತಿಗೆ ತೆಗೆದಳು, ಬಣ್ಣ ಒಡೆಯದಿರಲೆಂದು ಒಂದು ಚೂರು ಚರ್ಮ ತಗೊಂಡಳು, ಒಂಟಿಯಾಗಿದ್ದ ಒಂದು ಸ್ಟೂಲನ್ನು ಮಲಗಿಸಿದಳು. "ಸೀಸದ ದಿಮ್ಮಿ ಹಿಡ್ಕೊ," ಎಂದಳು ಮೇಸ್ತ್ರಿಯ ಮಗಳಿಗೆ. ಅವಳು ಹಿಡಿದಳು, ಮುಖ ನೋಡದೆ. ನಾಲ್ಕು ಬೆರಳಿಟ್ಟು ಅಳೆದು ಹೊಡೆದಳು. ಏಟು ಜಾರಿ ಗುಳಿಯ ಬದಲು ಉದ್ದಕ್ಕೊಂದು ಗಾಯವಾಯಿತು. ಮೂವತ್ತು ವರ್ಷ ಪಾಠ ಹೇಳಿದ ಕೈ ಅದು, ಸುತ್ತಿಗೆ ಅದರ ಮಾತು ಎಲ್ಲಿ ಕೇಳೀತು! ಮೇಸ್ತ್ರಿಯ ಮಗಳು ಸುತ್ತಿಗೆ ಕಿತ್ತುಕೊಂಡಳು. ದಿಮ್ಮಿಯನ್ನು ಇವಳ ಕೈಗೆ ಕೊಟ್ಟಳು. ಇನ್ನೊಂದು ಸ್ಟೂಲು ಎಳೆದು ಮಲಗಿಸಿಕೊಂಡು, ಒಮ್ಮೆ ಮೂಗಿನಿಂದ ಉಸಿರು ಬಿಟ್ಟು ಹೊಡೆದಳು. ಒಂದು. ತಿರುಗಿಸಿ ಇನ್ನೊಂದು. ನಾಲ್ಕೂ ಕಾಲಿಗೆ ಬಿದ್ದದ್ದು ಒಂದೇ ಅಳತೆಯ, ಒಂದೇ ಆಳದ, ಬೆರಳ ತುದಿಯಷ್ಟರ ಗುಳಿ. ಈ ಕೆಲಸವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮಧ್ಯಾಹ್ನದವರೆಗೂ ಇಬ್ಬರೂ ತಲೆ ಎತ್ತಲಿಲ್ಲ. ಹನ್ನೆರಡು ಸ್ಟೂಲು ಮುಗಿದ ಮೇಲೆ ಗ್ರಂಥಪಾಲಕನೇ ಮುಂದೆ ಬಂದು ತನ್ನ ಕೈಯಿಂದ ಪೇರಿಸಿದ. ಹನ್ನೆರಡೂ ಗೋಪುರದ ಹಾಗೆ ನೆಟ್ಟಗೆ ನಿಂತವು. ನೇರ ಮೇಲೆತ್ತಲೆಂದು ಹಾಳಾದ ಸ್ಟೂಲಿನ ಮೇಲೆಯೇ ಹತ್ತಿ ನಿಂತು, ತುದಿಯ ಸ್ಟೂಲಿನ ತೂತಿಗೆ ಒಂದೇ ಒಂದು ಬೆರಳು ಹಾಕಿ ಎತ್ತಿದ. ಸದ್ದೇ ಇಲ್ಲದೆ ಬಂತು. ಶೆಡ್ಡಿಗೆ ಶೆಡ್ಡೇ ಸಿಳ್ಳೆ ಹಾಕಿತು, ಪ್ರೆಸ್ಸಿನವನು ಸ್ಪ್ಯಾನರಿನಿಂದ ಕಂಬಕ್ಕೆ ಬಾರಿಸಿದ, ಹಳೇ ಫಿಟ್ಟರು ಬಣ್ಣದ ಕೋಣೆಯೊಳಕ್ಕೆ ಸರಿದು ಬಾಗಿಲು ಹಾಕಿಕೊಂಡ. "ಗುಳಿ ಇರೋವೇ ಕೊಡಿ," ಎಂದ ಗ್ರಂಥಪಾಲಕ ಸ್ಟೂಲನ್ನು ಎದೆಗವಚಿಕೊಂಡು. "ಹನ್ನೊಂದು ಕಡೆಗೂ ಇಂಥವೇ." ಮೊಮ್ಮಗಳು ಅವನ ಕೈ ಕುಲುಕಿ, ಟೆಂಪೋದವನಿಗೆ ಚಹಾ ಹೇಳಿ, ಎಲ್ಲ ಮುಗಿಸಿ ನಕ್ಷೆ ಅಕ್ಕನ ಎದುರು ಬಂದು ನಿಂತಳು. "ನಾಲ್ಕು ತಿಂಗಳು ಮೇಡಂ. ನಾಲ್ಕು ತಿಂಗಳು ನಿಮಗೆ ಗೊತ್ತಿತ್ತು. ಇವತ್ತು ಇದೆಲ್ಲ ಮಣ್ಣಾಗ್ತಿತ್ತು." ಹೌದು, ಗೊತ್ತಿತ್ತು ಎಂದಳು ಇವಳು. "ಪೇಪರ್‌ನೋರಿಗೆ ನಿಜ ಹೇಳ್ತೀನಿ ನಾನು." "ನಾನೇ ಹೇಳ್ತೀನಿ," ಎಂದಳು ಇವಳು, ಮತ್ತು ಗಂಡನ ಪ್ಲಾಸ್ಟಿಕ್ ಹಚ್ಚಿದ ಹೆಮ್ಮೆ ನೆನಪಾಗಿ, ಅವನ ತಮ್ಮನ ಹೆಂಡತಿಯ ಪಿಎಚ್‌ಡಿ ನೆನಪಾಗಿ, ಆ ಬೈಗುಳದ ನಡುವೆಯೇ ನಗು ಬಂದುಬಿಟ್ಟಿತು. ಮೊಮ್ಮಗಳಿಗೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟು ನ್ಯಾಯವಾದದ್ದೇ, ಬರಲಿ. ಇವಳ ಅಂಗೈ ಉರಿಯುತ್ತಿತ್ತು, ಬೆನ್ನು ಸೆಟೆದಿತ್ತು, ಹಸಿವಾಗಿತ್ತು. ಇಷ್ಟು ಹಸಿವು ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಮೇಸ್ತ್ರಿಯ ಮಗಳು ಐದಕ್ಕೆ ಕೈ ತೊಳೆದುಕೊಂಡು ಬಂದು, "ನಡೀರಿ ಮನೆಗೆ," ಎಂದಳು. ಅಕ್ಕ ಎನ್ನಲಿಲ್ಲ. ಸ್ಕೂಟರಿನ ಹಿಂದೆ ಕೂತು, ಸೀಟಿನ ಕಂಬಿಯನ್ನು ಭದ್ರವಾಗಿ ಹಿಡಿದು, ನಕ್ಷೆ ಅಕ್ಕ ಆ ಬೆನ್ನನ್ನು ನೋಡುತ್ತಾ ಹೋದಳು. ಸಿಗ್ನಲ್ಲಿನಲ್ಲಿ ನಿಂತಾಗ ಬೆನ್ನು ಮಾತಾಡಿತು. "ನನ್ನ ನೋಡೋಕೆ ಬಂದ ಗಂಡಿನ ಕಡೆಯೋರು ಕೇಳಿದ್ರು, ಗುಳಿ ಮೇಸ್ತ್ರಿ ಅಂದ್ರೆ ಇವರೇನಾ ಅಂತ. ಅಮ್ಮ ಒಳಗೆ ಹೋಗಿ ಅತ್ತಿದ್ಲು." ದೀಪ ಹಸಿರಾಯಿತು. ಇನ್ನೊಂದು ಸಿಗ್ನಲ್ಲಿನಲ್ಲಿ, "ಹದಿನೈದು ದಿನ. ನಾನು ಅಪ್ಪನ್ನ ಬೈಕೊಂಡು ಬೈಕೊಂಡು ಡೈ ಕೂರ್ಸಿದೆ ಗೊತ್ತಾ?" ನಕ್ಷೆ ಅಕ್ಕನಿಗೆ ಕಣ್ಣು ತುಂಬಿತು. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು, ಅದನ್ನು ಮೊದಲು ಹೇಳಬೇಕಾದದ್ದು ಇವಳಿಗಲ್ಲ ಎಂದು ತಡೆದುಕೊಂಡಳು. ಹೆದರಿಕೆಯಾಗುತ್ತಿತ್ತು. ಅದರ ಅಡಿಯಲ್ಲಿ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಖುಷಿಯೂ ಇತ್ತು.

ಮೇಸ್ತ್ರಿ ಮನೆಯ ಮುಂದಿನ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಕೃಶವಾಗಿದ್ದರು, ಕೈಗಳು ಮಾತ್ರ ಹಾಗೇ ದೊಡ್ಡವು. "ಯಾರು, ನಕ್ಷೆಯಾ? ಬಾ ಮಗಾ, ಕೂತ್ಕೊ." ಅವಳು ಕೂರದೆ, ಅವರ ಎಡಗಿವಿಯ ಹತ್ತಿರ ಬಗ್ಗಿ, ಬೆಳಿಗ್ಗೆ ನಡೆದದ್ದನ್ನೆಲ್ಲ ಹೇಳಿದಳು. ಸಣ್ಣ ದನಿಯಲ್ಲಿ, ಬಿಕ್ಕುತ್ತಾ, ಎಲ್ಲರ ಮುಂದೆ ಹೇಳಿಬಿಟ್ಟೆ ಮೇಸ್ತ್ರೀ, ನಕ್ಷೆ ತಪ್ಪು ಅಂತ, ನಿಮ್ಮ ಕೈ ತಪ್ಪಿರಲಿಲ್ಲ ಅಂತ, ನನ್ನನ್ನು ಕ್ಷಮಿಸಿ ಅಂತ. ಮೇಸ್ತ್ರಿ ರಸ್ತೆಯ ಕಡೆ ನೋಡುತ್ತಿದ್ದರು. "ಕೇಳಿಸ್ಲಿಲ್ಲ," ಎಂದರು. ಅವಳು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದಳು. "ಕೇಳಿಸ್ಲಿಲ್ಲ. ನೆಟ್ಟಗೆ ನಿಂತ್ಕೊಂಡು ಹೇಳು." ನೆಟ್ಟಗೆ ನಿಂತಳು. ಈಗ ಎದುರು ಮನೆಯ ಕಿಟಕಿ ತೆರೆಯಿತು. ಒಳಗಿನಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು. "ಏನಂತೆ?" ಎಂದರು. "ನಂಗೆಲ್ಲಿ ಕೇಳಿಸುತ್ತೆ? ನಿಂಗೇ ಹೇಳ್ತಾಳೆ ಕೇಳು," ಎಂದರು ಮೇಸ್ತ್ರಿ. ಅವಳು ಆ ಮುದುಕಿಗೆ ಹೇಳಿದಳು. ಮುದುಕಿ ಅರ್ಧದಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡು, ಪೂರ್ತಿ ಕೇಳಿ, ಗಂಡನ ಭುಜದ ಮೇಲೊಂದು ಹೊಡೆದರು. "ಮೂವತ್ತೈದು ವರ್ಷ! ನಂಗೂ ಹೇಳ್ಲಿಲ್ವಲ್ರೀ ನೀವು!"

"ಅವಳ ಮಾತು ಅವಳೇ ಹೇಳ್ಬೇಕಿತ್ತು," ಎಂದರು ಮೇಸ್ತ್ರಿ. ಆಮೇಲೆ ಪಕ್ಕದ ಮನೆಯ ಗೋಡೆಯ ಕಡೆ ತಿರುಗಿ, ಎಂಬತ್ತಮೂರರ ಎದೆಯಲ್ಲಿ ಎಲ್ಲಿತ್ತೋ ಅಷ್ಟು ದನಿ, "ಏಯ್ ಟೈಲರ್! ಬಾರೋ ಇಲ್ಲಿ. ನಿನ್ನ ಹೆಂಡ್ತೀನೂ ಕರ್ಕೊಂಡು ಬಾ. ನಮ್ಮ ನಕ್ಷೆ ಏನೋ ಹೇಳ್ತಾಳೆ!" ಎಂದು ಕೂಗಿದರು. ಮೇಸ್ತ್ರಿಯ ಮಗಳು ಸ್ಕೂಟರಿಗೆ ಒರಗಿ ನಿಂತಿದ್ದವಳು ತಡೆಯಲಾರದೆ ನಕ್ಕಳು, ಅಳುತ್ತಲೂ ಇದ್ದಳು. "ಅಕ್ಕಾ, ಅಪ್ಪಂಗೆ ಕೇಳಿಸದೆ ಇರೋದು ಬಲಗಿವಿ. ನೀವು ಹೇಳಿದ್ದು ಎಡಗಿವಿಗೆ." ಟೈಲರು ಬಂದ, ಅವನ ಹೆಂಡತಿ ಬಂದಳು, ಕಿಟಕಿಯವರು ಇಳಿದು ಬಂದರು, ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಂತ. ಅವಳು ಎಲ್ಲರಿಗೂ ಹೇಳಿದಳು. ತಡವಾಗಿ ಬಂದವರಿಗೆ ಮೊದಲಿನಿಂದ ಹೇಳಿದಳು, ಪೆನ್ಸಿಲು ಜೀವಿದ್ದನ್ನೂ, ಆ ನಗೆಯಲ್ಲಿ ಸೇರಿಕೊಂಡದ್ದನ್ನೂ ಬಿಡದೆ ಹೇಳಿದಳು. ಪ್ರತಿ ಸಲವೂ ಮೇಸ್ತ್ರಿ ಹೊಸದಾಗಿ ಕೇಳುವವರ ಹಾಗೆ ತಲೆಯಾಡಿಸಿದರು. ಕತ್ತಲಾಗುವ ಮೊದಲು ಬೀದಿಯ ಆ ತುದಿಯಿಂದ ಯಾರೋ ಒಬ್ಬ, ಕೈಯಲ್ಲಿ ಚೀಲ ಹಿಡಿದು ಕೆಲಸದಿಂದ ಮನೆಗೆ ನಡೆದು ಹೋಗುತ್ತಿದ್ದವನು, ಗುಂಪು ನೋಡಿ ನಿಧಾನಿಸಿದ. ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಕರೆಯುವ ಮೊದಲೇ ಅವಳು ಜಗಲಿ ಇಳಿದು ಹೋಗಿ, "ಒಂದು ನಿಮಿಷ ನಿಂತ್ಕೊಳ್ಳಿ ಸ್ವಾಮಿ," ಎಂದಳು.